ಮನೆಯ ಮಾತು, ವಹಿಯ ಕನ್ನಡ: ಪ್ರೌಢಶಾಲೆಯ ಭಾಷಾ ತರಗತಿ ಏನು ಕೇಳುತ್ತದೆ?

ಪ್ರಶ್ನೆ: ನಾವು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯವರು. ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ಗಣಿತ, ವಿಜ್ಞಾನಗಳಲ್ಲಿ ಚಲೋ ಇದ್ದಾಳೆ. ಕನ್ನಡದಲ್ಲಿ ಗೈಡಿನ ಉತ್ತರ ಬಾಯಿಪಾಠ ಮಾಡಿ ಬರೆದರೆ ಪೂರ್ತಿ ಅಂಕ ಬರುತ್ತವೆ, ತಾನೇ ಬರೆದರೆ ವಹಿ ತುಂಬ ಕೆಂಪು ಗೆರೆ. ನಾವು ಮನೆಯಲ್ಲಿ ಆಡುವ ಮಾತೇ ಅವಳ ಬರಹವನ್ನು ಕೆಡಿಸುತ್ತಿದೆ ಎಂದು ಕೆಲವರು ಹೇಳುತ್ತಾರೆ. ಭಾಷೆಯ ತರಗತಿಯಲ್ಲಿ ಮಕ್ಕಳಿಂದ ನಿಜವಾಗಿ ಏನನ್ನು ನಿರೀಕ್ಷಿಸುತ್ತಾರೆ? ಮನೆಯಲ್ಲಿ ನಾವು ಮಾತು ಬದಲಿಸಬೇಕೇ? ಕನ್ನಡಕ್ಕೂ ಟ್ಯೂಷನ್ ಹಚ್ಚಬೇಕೇ?

ಉತ್ತರ: ತಾಯಿ, ಪತ್ರದ ಜೊತೆಗೆ ಮಗಳ ವಹಿಯ ಎರಡು ಪುಟಗಳನ್ನೂ ಕಳಿಸಿದ್ದೀರಿ, ಅವಿಲ್ಲದೆ ಹೋಗಿದ್ದರೆ ನಾನು ಬರಿಯ ಸಾಮಾನ್ಯ ಮಾತುಗಳನ್ನಷ್ಟೇ ಹೇಳಬೇಕಾಗುತ್ತಿತ್ತು. ಎರಡೂ ಪುಟಗಳ ವಿಷಯ ಒಂದೇ, ‘ನಮ್ಮ ಊರಿನ ಬೇಸಾಯ’. ಮೊದಲನೆಯದು ‘ಕೃಷಿಯು ನಮ್ಮ ದೇಶದ ಬೆನ್ನೆಲುಬಾಗಿದೆ’ ಎಂದು ಆರಂಭವಾಗುತ್ತದೆ. ಆ ಪುಟದಲ್ಲಿ ಒಂದು ತಪ್ಪೂ ಇಲ್ಲ, ನಿಮ್ಮ ಊರೂ ಇಲ್ಲ. ಎರಡನೆಯ ಪುಟದಲ್ಲಿ ಆಕೆ ಹೀಗೆ ಬರೆದಿದ್ದಾಳೆ: ‘ಅಪ್ಪ ಕಣದಾಗ ಮೆಣಸಿನಕಾಯಿ ಹರವಿದಾಗ ಘಾಟು ಮೂಗಿಗೆ ಹೊಡದು ನಾವೆಲ್ಲ ಸೀನಾಕತ್ವಿ.’ ಈ ಒಂದೇ ವಾಕ್ಯದ ಕೆಳಗೆ ಮೂರು ಕೆಂಪು ಗೆರೆಗಳಿವೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಭಾಗದ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದವನಾಗಿ ನಾನು ಹೇಳುತ್ತೇನೆ, ನಿಮ್ಮ ಮಗಳ ಕನ್ನಡ ಇರುವುದು ಎರಡನೆಯ ಪುಟದಲ್ಲಿ.

ಹಾಗೆಂದು ಆ ಮೂರು ಗೆರೆಗಳು ತಪ್ಪಲ್ಲ. ಬರಹದ ಕನ್ನಡದಲ್ಲಿ ಆ ವಾಕ್ಯ ಹೀಗಾಗುತ್ತದೆ: ‘ಅಪ್ಪ ಕಣದಲ್ಲಿ ಮೆಣಸಿನಕಾಯಿ ಹರವಿದಾಗ ಘಾಟು ಮೂಗಿಗೆ ಹೊಡೆದು ನಾವೆಲ್ಲ ಸೀನತೊಡಗಿದೆವು.’ ಏನು ಬದಲಾಯಿತು ಎಂಬುದನ್ನು ಆಕೆಯೊಡನೆ ಕುಳಿತು ನೋಡಿರಿ. ‘ಕಣದಾಗ’ ಎಂಬಲ್ಲಿನ ಸಪ್ತಮಿ ವಿಭಕ್ತಿ ಪ್ರತ್ಯಯ ‘ಅಲ್ಲಿ’ ಎಂದಾಯಿತು, ‘ಹೊಡದು’ ಎಂಬಲ್ಲಿ ಒಂದು ಎಕಾರ ಬಂತು, ‘ಸೀನಾಕತ್ವಿ’ ಎಂಬ ಕ್ರಿಯಾಪದ ತನ್ನ ಬರಹದ ರೂಪವನ್ನು ತೊಟ್ಟಿತು. ಹರವುವುದು, ಘಾಟು, ಕಣ, ಸೀನು ಎಂಬ ಪದಗಳು ಇದ್ದಲ್ಲಿಯೇ ಇವೆ. ವಾಕ್ಯದ ಜೋಡಣೆಯೂ, ಒಂದರ ಹಿಂದೊಂದು ಬರುವ ಘಟನೆಗಳ ಕ್ರಮವೂ ಇದ್ದಂತೆಯೇ ಇವೆ. ಹೀಗೆ ಕಂಡದ್ದನ್ನು ತಾನೇ ವಾಕ್ಯವಾಗಿ ಕಟ್ಟುವ ಶಕ್ತಿ ಯಾವ ಗೈಡಿನಿಂದಲೂ ಬರುವುದಿಲ್ಲ. ಅದು ಇದ್ದವರಿಗೆ ಪ್ರತ್ಯಯಗಳನ್ನು ತಿದ್ದುವುದು ಒಂದು ವರ್ಷದ ಕೆಲಸ. ಅದು ಇಲ್ಲದೆ ಬರಿಯ ಶುದ್ಧ ಪ್ರತ್ಯಯಗಳನ್ನು ಕಲಿತವರಿಗೆ ಬರೆಯಲು ಏನೂ ಇರುವುದಿಲ್ಲ. ಪ್ರೌಢಶಾಲೆಯ ಭಾಷಾ ತರಗತಿಯ ನಿರೀಕ್ಷೆಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಓದಿದ್ದನ್ನೂ ಕಂಡದ್ದನ್ನೂ ವಿದ್ಯಾರ್ಥಿ ತನ್ನ ವಾಕ್ಯಗಳಲ್ಲಿ, ಎಲ್ಲ ಕನ್ನಡಿಗರಿಗೂ ತಿಳಿಯುವ ಬರಹದ ರೂಪದಲ್ಲಿ ಹೇಳಬೇಕು. ಈ ಮಾತಿನ ಮೊದಲರ್ಧವನ್ನು ನಾವು ಮರೆತು, ಎರಡನೆಯ ಅರ್ಧವನ್ನು ಮಾತ್ರ ಹಿಡಿದುಕೊಂಡಿರುವುದೇ ಗೈಡುಗಳ ಬೆಳೆಗೆ ಕಾರಣ.

ಆದ್ದರಿಂದ ಮನೆಯ ಮಾತನ್ನು ಬದಲಿಸಬೇಡಿರಿ. ಬದಲಿಗೆ ಮನೆಯ ಮಾತಿಗೂ ಬರಹಕ್ಕೂ ನಡುವೆ ಇರುವ ವ್ಯತ್ಯಾಸ ಗೊತ್ತುಗುರಿಯಿಲ್ಲದ್ದಲ್ಲ, ಅದಕ್ಕೊಂದು ಕ್ರಮವಿದೆ ಎಂಬುದನ್ನು ಮಗಳಿಗೆ ತೋರಿಸಿರಿ. ನಮ್ಮ ಹಾವೇರಿ, ಗದಗ, ಧಾರವಾಡಗಳ ಮಾತಿನಲ್ಲಿ ಪದದ ಕೊನೆಯ ಎಕಾರ ಬಹಳ ಕಡೆ ಇಕಾರವಾಗುತ್ತದೆ. ಮನೆ ‘ಮನಿ’ಯಾಗುತ್ತದೆ, ಶಾಲೆ ‘ಶಾಲಿ’ಯಾಗುತ್ತದೆ, ಮಳೆ ‘ಮಳಿ’ಯಾಗುತ್ತದೆ. ಇದು ತಿಳಿದ ಮಗು ಬರೆಯುವಾಗ ಒಂದು ಕ್ಷಣ ನಿಂತು ಯೋಚಿಸುತ್ತದೆ. ನಿಂತು ಯೋಚಿಸಲು ಕಾರಣವೂ ಇದೆ. ಹಪ್ಪಳ ಕರಿಯುವುದನ್ನೂ ಅಪ್ಪನನ್ನು ಕರೆಯುವುದನ್ನೂ ನಾವು ಅಡುಗೆಮನೆಯಲ್ಲಿ ನಿಂತು ‘ಕರಿ’ ಎಂದೇ ಹೇಳುತ್ತೇವೆ; ಎದುರಿಗೆ ಬಾಣಲೆ ಇದೆಯೋ ಅಪ್ಪ ಇದ್ದಾನೆಯೋ ನೋಡಿ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಕಾಗದದ ಮೇಲೆ ಬಾಣಲೆಯೂ ಇಲ್ಲ, ಅಪ್ಪನೂ ಇಲ್ಲ, ಆ ಒಂದು ಎಕಾರವೇ ಅರ್ಥವನ್ನು ಹೊರಬೇಕು. ಶುದ್ಧ ರೂಪ ಏಕೆ ಬೇಕು ಎಂಬುದಕ್ಕೆ ನಾನು ತರಗತಿಯಲ್ಲಿ ಕೊಡುತ್ತಿದ್ದ ಕಾರಣ ಇದೊಂದೇ, ಮಕ್ಕಳು ಇದನ್ನು ಕೂಡಲೇ ಒಪ್ಪುತ್ತಿದ್ದರು. ಆದರೆ ಕ್ರಮ ತಿಳಿಯದೆ ಬರಿಯ ಹೆದರಿಕೆಯಿಂದ ತಿದ್ದಲು ಹೋದ ಮಕ್ಕಳು ಇಕಾರ ಕಂಡಲ್ಲೆಲ್ಲ ಎಕಾರ ಹಾಕಿ, ರೊಟ್ಟಿಯನ್ನು ‘ರೊಟ್ಟೆ’ ಎಂದು ಬರೆದದ್ದನ್ನೂ ಕಂಡಿದ್ದೇನೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗ ಪ್ರಬಂಧದಲ್ಲಿ ‘ನಮ್ಮವ್ವ ಹೊಲಕ್ಕ ಹೋಗ್ಯಾಳ’ ಎಂದು ಬರೆದಿದ್ದ. ತಪ್ಪು ತೋರಿಸುವ ಉದ್ದೇಶದಿಂದಲೇ ನಾನು ಅದನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ, ಹುಡುಗರು ನಕ್ಕರು. ಆ ವರ್ಷ ಮುಗಿಯುವವರೆಗೂ ಅವನು ತನ್ನದೆಂಬ ಒಂದು ವಾಕ್ಯವನ್ನೂ ಬರೆಯಲಿಲ್ಲ. ಕಪ್ಪುಹಲಗೆಯ ಮೇಲೆ ನಾನು ಬರೆಸಿದ್ದನ್ನು ಮುತ್ತಿನಂಥ ಅಕ್ಷರಗಳಲ್ಲಿ ಇಳಿಸಿಕೊಂಡು ಬಂದ. ಅವನ ಅವ್ವ ಮನೆಯಲ್ಲಿ ಆಡುವ ಮಾತನ್ನೇ ನಾನು ನಗೆಗೀಡು ಮಾಡಿದ್ದೆ ಎಂಬುದು ನನಗೆ ಹೊಳೆಯಲು ಬಹಳ ಕಾಲ ಬೇಕಾಯಿತು. ಆಮೇಲೆ ನಾನು ಕೆಂಪು ಗೆರೆ ಎಳೆದಲ್ಲೆಲ್ಲ ಪಕ್ಕದಲ್ಲಿ ಬರಹದ ರೂಪವನ್ನು ಬರೆದು, ಇದು ಮಾತು, ಇದು ಬರಹ ಎಂದು ಗುರುತು ಹಾಕತೊಡಗಿದೆ. ಎರಡಕ್ಕೂ ಹೆಸರು ಸಿಕ್ಕ ಮೇಲೆ ಮಕ್ಕಳ ನಾಚಿಕೆ ಕಡಿಮೆಯಾಯಿತು.

ಮನೆಯ ಮಾತು ಅಡ್ಡಿಯಲ್ಲ ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಆಧಾರವಿದೆ. ಪ್ರೌಢಶಾಲೆಯಲ್ಲಿ ಮಕ್ಕಳು ಅತಿ ಹೆಚ್ಚು ಹೆದರುವುದು ಹಳಗನ್ನಡ ಪದ್ಯಗಳಿಗೆ. ಆದರೆ ಹಳಗನ್ನಡದ ಸಪ್ತಮಿ ಪ್ರತ್ಯಯ ‘ಒಳ್’. ನಿಮ್ಮ ಮಗಳು ‘ಮನಿಯೊಳಗ’ ಎನ್ನುವಾಗ ಆ ‘ಒಳ್’ ಅವಳ ಬಾಯಲ್ಲಿಯೇ ಇದೆ. ಬೇಡವೆನ್ನಲು ಅವಳು ‘ಒಲ್ಲೆ’ ಎನ್ನುತ್ತಾಳೆ; ರನ್ನನ ಕಾಲದ ಕನ್ನಡದಲ್ಲಿ ಅದು ‘ಒಲ್ಲೆಂ’. ಹತ್ತನೆಯ ತರಗತಿಯಲ್ಲಿ ರನ್ನನ ಪದ್ಯಭಾಗದ ‘ಮೆರೆವೆಂ’ ಎಂಬ ರೂಪ ಕಂಡಾಗ, ‘ಒಲ್ಲೆಂ’ ಎಂಬಲ್ಲಿರುವಂತೆ ಇಲ್ಲಿಯೂ ‘ನಾನು’ ಎಂಬುದು ಕೊನೆಯ ‘ಎಂ’ನಲ್ಲಿದೆ ಎಂದು ಹೇಳಿಕೊಟ್ಟರೆ ಸಾಕು, ಮುಂದಿನ ಹತ್ತು ಕ್ರಿಯಾಪದಗಳನ್ನು ಆಕೆ ತಾನೇ ಬಿಡಿಸುತ್ತಾಳೆ. ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು ಧಾರವಾಡದ ಆಡುಮಾತನ್ನು ಕನ್ನಡ ಕಾವ್ಯದ ನಡುಮನೆಗೆ ತಂದರು, ಗದ್ಯ ಬರೆಯುವಾಗ ಬರಹದ ಕನ್ನಡವನ್ನೂ ಬಳಸಿದರು. ಯಾವುದು ಎಲ್ಲಿ ಸಲ್ಲುತ್ತದೆ ಎಂಬ ತಿಳಿವಳಿಕೆ ಅವರಿಗಿತ್ತು. ಮಕ್ಕಳಿಗೂ ಬರಬೇಕಾದದ್ದು ಆ ತಿಳಿವಳಿಕೆ.

ಇನ್ನು ಅಂಕಗಳ ಮಾತು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ 100 ಲಿಖಿತ ಪರೀಕ್ಷೆಗೆ, 25 ಶಾಲೆಯೊಳಗಿನ ಆಂತರಿಕ ಮೌಲ್ಯಮಾಪನಕ್ಕೆ. ಉಳಿದ ಐದು ವಿಷಯಗಳಿಗೆ ತಲಾ 100 ಅಂಕ, 80 ಮತ್ತು 20ರಂತೆ. ಒಟ್ಟು 625ರಲ್ಲಿ ಐದನೆಯ ಒಂದು ಭಾಗ ಪ್ರಥಮ ಭಾಷೆಯೊಂದಕ್ಕೇ ಸೇರಿದೆ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾಗಿದ್ದ ವಿ. ಕೃ. ಗೋಕಾಕರು ನಿಮ್ಮದೇ ಜಿಲ್ಲೆಯ ಸವಣೂರಿನವರು ಎಂಬುದನ್ನು ಮಗಳಿಗೆ ಹೇಳಿರಿ.

ಪ್ರಶ್ನೆಪತ್ರಿಕೆಯಲ್ಲಿ ಬಾಯಿಪಾಠ ಸಲ್ಲುವ ಜಾಗಗಳೂ ಇವೆ. ಪದ್ಯದ ಕಂಠಪಾಠ, ಕವಿಯ ಕಾಲ, ಸ್ಥಳ, ಕೃತಿಗಳು ಇಂಥವನ್ನು ನೆನಪಿಟ್ಟುಕೊಳ್ಳಲೇಬೇಕು, ಅದರಲ್ಲಿ ಹಾನಿಯಿಲ್ಲ. ಪದ್ಯವನ್ನು ರಾಗವಾಗಿ ಹೇಳಿ ಕಂಠಸ್ಥ ಮಾಡಿದವರಿಗೆ ಛಂದಸ್ಸು ಅರ್ಧ ಬಂದಂತೆಯೇ. ಹಾನಿ ಇರುವುದು ಉತ್ತರಗಳನ್ನು ಬಾಯಿಪಾಠ ಮಾಡುವುದರಲ್ಲಿ, ಏಕೆಂದರೆ ಅಲ್ಲಿ ಮಗು ಬೇರೊಬ್ಬರ ಯೋಚನೆಯನ್ನು ತನ್ನ ಯೋಚನೆಯ ಜಾಗದಲ್ಲಿ ಕೂರಿಸುತ್ತದೆ.

ಸಂದರ್ಭದೊಡನೆ ಸ್ವಾರಸ್ಯ ಬರೆಯುವ ಪ್ರಶ್ನೆಯನ್ನೇ ತೆಗೆದುಕೊಳ್ಳಿರಿ. ಮಾತು ಯಾರ ಯಾವ ಪಾಠದ್ದು, ಯಾರು ಯಾರಿಗೆ ಯಾವಾಗ ಹೇಳಿದ್ದು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಸ್ವಾರಸ್ಯದ ಜಾಗ ಬಂದ ಕೂಡಲೇ ನೂರಕ್ಕೆ ತೊಂಬತ್ತು ಮಕ್ಕಳು ‘ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂದು ಬರೆದು ಮುಗಿಸುತ್ತಾರೆ. ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತಾಗ ಆ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದು ಪ್ರಶ್ನೆಯನ್ನೇ ತಿರುಗಿಸಿ ಹೇಳುವ ವಾಕ್ಯ, ಉತ್ತರವಲ್ಲ.

ಉತ್ತರ ಹೇಗಿರಬೇಕು ಎಂಬುದಕ್ಕೆ ಹತ್ತನೆಯ ತರಗತಿಯಲ್ಲಿ ಮಕ್ಕಳು ಓದುವ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯಭಾಗವೇ ಸಾಕು. ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ಕೃಷ್ಣ ಹೇಳಿದ್ದಾನೆ. ಆಗ ಕರ್ಣ ಕೃಷ್ಣನಿಗೆ ಹೇಳುವ ಮಾತು ಅದು. ಯುದ್ಧ ಇನ್ನೂ ಆರಂಭವಾಗಿಲ್ಲ, ದುರ್ಯೋಧನ ಬದುಕಿದ್ದಾನೆ. ಹಾಗಿದ್ದರೂ ಕರ್ಣ ‘ಕೊಲ್ಲುವೆ’ ಎನ್ನದೆ ‘ಕೊಂದೆ’ ಎಂದು ಭೂತಕಾಲದಲ್ಲಿ ಏಕೆ ಹೇಳುತ್ತಾನೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ಸುಮ್ಮನೆ ಕಾದರೆ ಹಿಂದಿನ ಬೆಂಚಿನಿಂದಲಾದರೂ ಉತ್ತರ ಬಂದೇ ಬರುತ್ತದೆ: ಪಾಂಡವರು ತನ್ನ ತಮ್ಮಂದಿರು ಎಂದು ತಿಳಿದ ಮೇಲೆ ಕರ್ಣ ಪೂರ್ಣ ಮನಸ್ಸಿನಿಂದ ಅವರ ಮೇಲೆ ಕೈಯೆತ್ತಲಾರ, ಅವನನ್ನೇ ನಂಬಿದ ದುರ್ಯೋಧನ ಆ ಗಳಿಗೆಯಲ್ಲಿಯೇ ಸತ್ತಂತಾದ. ಒಂದು ಕ್ರಿಯಾಪದದ ಕಾಲ ಇಡೀ ಸನ್ನಿವೇಶವನ್ನು ಹೊತ್ತಿದೆ ಎಂದು ಎರಡು ವಾಕ್ಯಗಳಲ್ಲಿ ಬರೆದರೆ ಅದು ಸ್ವಾರಸ್ಯ. ವ್ಯಾಕರಣದ ಪುಟದಲ್ಲಿ ಕ್ರಿಯಾಪದದ ಕಾಲಗಳನ್ನು ಕಲಿಯುವುದು ಇದಕ್ಕಾಗಿಯೇ. ‘ಕೌರವ’ ಮತ್ತು ‘ಇಂದ್ರ’ ಸೇರಿ ಗುಣಸಂಧಿಯಾಗಿದೆ ಎಂಬುದನ್ನೂ ಅದೇ ಹೊತ್ತಿಗೆ ತೋರಿಸಿದರೆ ಸಂಧಿಯೂ ಒಣಪಾಠವಾಗಿ ಉಳಿಯುವುದಿಲ್ಲ.

ಛಂದಸ್ಸಿಗೂ ಇದೇ ಮಾತು ಹೊಂದುತ್ತದೆ. ಅದೇ ಶೀರ್ಷಿಕೆಯನ್ನು ನಿಧಾನವಾಗಿ ಬಿಡಿಸಿ ಹೇಳಿಸಿರಿ: ಕೌರ, ವೇಂದ್ರನ, ಕೊಂದೆ. ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ, ಅದು ಲಘು; ಅದರ ಎರಡರಷ್ಟು ಹೊತ್ತು ಹಿಡಿಯುವ ಅಕ್ಷರ ಗುರು. ಹಾಗೆ ಎಣಿಸಿದರೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು. ಆರು ಸಾಲಿನ ಭಾಮಿನಿ ಷಟ್ಪದಿಯ ನಡಿಗೆಯೇ ಇದು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಎರಡು ಸಲ ಬಂದು 14 ಮಾತ್ರೆಗಳಾಗುತ್ತವೆ, ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಆ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23 ಆಗುತ್ತವೆ. ಹುಬ್ಬಳ್ಳಿಯ ಹತ್ತಿರದ ಕೋಳಿವಾಡದವನೆಂದೂ ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಬರೆದನೆಂದೂ ನಾವು ಹೆಮ್ಮೆಪಡುವ ಕವಿಯ ಪದ್ಯಕ್ಕೆ ಪ್ರಸ್ತಾರ ಹಾಕಲು, ಅಂದರೆ ಗುರು ಲಘುಗಳ ಗುರುತು ಹಾಕಲು, ನಮ್ಮ ಮಕ್ಕಳೇ ಹೆದರಬಾರದು. ಗುರು ಲಘು ಗುರುತಿಸುವುದನ್ನು ನಾನು ಬಸ್ಸಿನ ಬೋರ್ಡುಗಳಿಂದಲೇ ಕಲಿಸುತ್ತಿದ್ದೆ. ಗದಗ, ಮೂರು ಲಘುಗಳು, ಮೂರು ಮಾತ್ರೆ. ಬ್ಯಾಡಗಿ, ಒಂದು ಗುರು ಎರಡು ಲಘು, ನಾಲ್ಕು. ಹಾವೇರಿಯಲ್ಲಿ ದೀರ್ಘಾಕ್ಷರಗಳಿಂದ ಎರಡು ಗುರು, ಹುಬ್ಬಳ್ಳಿಯಲ್ಲಿ ಒತ್ತಕ್ಷರಗಳ ಹಿಂದಿನ ಅಕ್ಷರಗಳು ಗುರುವಾಗುವುದರಿಂದ ಎರಡು ಗುರು, ಎರಡಕ್ಕೂ ಕೊನೆಗೊಂದು ಲಘು; ಆದ್ದರಿಂದ ಎರಡೂ ಐದು ಮಾತ್ರೆಯ ಊರುಗಳು. ಧಾರವಾಡಕ್ಕೆ ಆರು. ಈ ನಾಲ್ಕೈದು ಹೆಸರುಗಳಲ್ಲಿ ಗುರುವಿನ ಮುಖ್ಯ ನಿಯಮಗಳು ಬಂದುಹೋಗುತ್ತವೆ.

ಗಾದೆ ವಿಸ್ತರಣೆಯಲ್ಲಿ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಆರಂಭವನ್ನು ಬಿಟ್ಟು ನೇರವಾಗಿ ಅರ್ಥಕ್ಕೂ, ತಾನು ಕಂಡ ಒಂದು ನಿದರ್ಶನಕ್ಕೂ ಬರಲು ಹೇಳಿರಿ. ಪತ್ರಲೇಖನಕ್ಕೆ ಇಂದ, ಗೆ, ವಿಷಯ, ಮಾನ್ಯರೇ, ದಿನಾಂಕ, ಸ್ಥಳ ಎಂಬ ಚೌಕಟ್ಟು ಒಂದು ದಿನದಲ್ಲಿ ಬರುತ್ತದೆ. ಕಠಿಣವಾದದ್ದು ಒಳಗಿನ ನಾಲ್ಕು ವಾಕ್ಯಗಳು. ಓಣಿಯ ನಳಕ್ಕೆ ಎಷ್ಟು ದಿನದಿಂದ ನೀರು ಬಂದಿಲ್ಲ, ಅದರಿಂದ ಯಾರಿಗೆ ತೊಂದರೆ, ಏನಾಗಬೇಕು ಎಂದು ಪಂಚಾಯತಿಗೆ ನಿಜವಾದ ಮನವಿಯನ್ನು ಬರೆಸಿ, ನೀವೇ ಸಹಿ ಮಾಡಿ ಕೊಡಿರಿ. ತನ್ನ ಬರಹ ಒಂದು ಕಚೇರಿಯ ಮೇಜಿನ ಮೇಲೆ ಓದಲ್ಪಡುತ್ತದೆ ಎಂದು ತಿಳಿದ ಮಗು ಎಕಾರ ಇಕಾರಗಳನ್ನು ಎರಡು ಸಲ ನೋಡುತ್ತದೆ. ಅಪಠಿತ ಗದ್ಯಾಂಶಕ್ಕೆ ಗೈಡಿನಲ್ಲಿ ಸಿದ್ಧ ಉತ್ತರವೇ ಇರುವುದಿಲ್ಲ. ನಿತ್ಯ ಓದುವ ಅಭ್ಯಾಸ ಇದೆಯೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ನೀವು ಇಂಗ್ಲಿಷ್, ಹಿಂದಿಗಳ ಬಗ್ಗೆ ಕೇಳಿಲ್ಲ, ಆದರೂ ಎರಡು ಮಾತು ಹೇಳುತ್ತೇನೆ. ಬೇರೆ ಭಾಷೆಯ ಜೋಡಣೆ ಕನ್ನಡದಿಂದ ಎಲ್ಲಿ ಬೇರೆಯಾಗುತ್ತದೆ ಎಂಬುದು ತಿಳಿಯಬೇಕಾದರೆ ಕನ್ನಡದ ಜೋಡಣೆ ಮೊದಲು ಕಣ್ಣಿಗೆ ಕಾಣಬೇಕು. ನಮ್ಮಲ್ಲಿ ಲಿಂಗ ಅರ್ಥವನ್ನು ಹಿಡಿದು ಹೋಗುತ್ತದೆ, ಹಿಂದಿಯಲ್ಲಿ ಪದವನ್ನು ಹಿಡಿದು ಹೋಗುತ್ತದೆ. ಅಲ್ಲಿ ರೊಟ್ಟಿ ಸ್ತ್ರೀಲಿಂಗ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ನಮ್ಮಲ್ಲಿ ಕೊನೆಗೆ. ಕನ್ನಡ ವಾಕ್ಯವನ್ನು ತಾನೇ ಕಟ್ಟಬಲ್ಲವರಿಗೆ ಈ ವ್ಯತ್ಯಾಸಗಳು ಬೇಗ ಹಿಡಿಯುತ್ತವೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಬಹಳವಿಲ್ಲ, ಆದರೆ ನಿತ್ಯ ಮಾಡಬೇಕಾದದ್ದು. ಸಂಜೆ ಅವಳು ದಿನಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಮುಚ್ಚಿಟ್ಟು, ಅದರಲ್ಲಿ ಏನಿತ್ತು ಎಂದು ನಿಮಗೆ ನಿಮ್ಮ ಮಾತಿನಲ್ಲಿಯೇ ಹೇಳಲಿ. ನೀವು ಹೊಲದಲ್ಲಿ, ಸಂತೆಯಲ್ಲಿ, ಮಾರುಕಟ್ಟೆಯಲ್ಲಿ ಕಂಡದ್ದನ್ನು ಅವಳಿಗೆ ಹೇಳಿರಿ, ಅವಳು ಅದನ್ನು ಬರಹದ ಕನ್ನಡದಲ್ಲಿ ಎಂಟು ಹತ್ತು ಸಾಲು ಬರೆಯಲಿ. ಮಾತಿನಿಂದ ಬರಹಕ್ಕೆ, ಬರಹದಿಂದ ಮಾತಿಗೆ ದಿನಕ್ಕೊಮ್ಮೆ ಹೋಗಿ ಬಂದರೆ ಸಾಕು. ಪತ್ರಿಕೆ ಮನೆಗೆ ಬರದಿದ್ದರೆ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಕಳಿಸಿರಿ. ಅಲ್ಲಿ ಮಕ್ಕಳ ಕತೆಪುಸ್ತಕಗಳೂ ಸಿಗುತ್ತವೆ. ವಹಿಯ ಹಿಂದಿನ ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ಮನೆಯ ರೂಪ, ಬಲಕ್ಕೆ ಬರಹದ ರೂಪ ಬರೆದಿಡಲು ಹೇಳಿರಿ. ಎಡಗಡೆಯದನ್ನು ಹೊಡೆದು ಹಾಕಬಾರದು, ಎರಡೂ ಉಳಿಯಬೇಕು.

ಟ್ಯೂಷನ್ ಬೇಡ. ಅಲ್ಲಿ ಬಹುಪಾಲು ಸಿಗುವುದು ಇನ್ನೊಂದು ಗೈಡ್. ಅದರ ಬದಲು ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ಹೋಗಿ ಕನ್ನಡ ಶಿಕ್ಷಕರನ್ನು ಕಾಣಿರಿ. ದೂರುವ ಧ್ವನಿ ಬೇಡ. ತರಗತಿಯಲ್ಲಿ ಮಕ್ಕಳು ಬಹಳ ಇದ್ದಾಗ ಪ್ರತಿ ವಹಿಯನ್ನೂ ವಾಕ್ಯ ವಾಕ್ಯ ತಿದ್ದುವುದು ಎಷ್ಟು ಭಾರದ ಕೆಲಸವೆಂದು ನನಗೆ ಗೊತ್ತು. ನನ್ನ ಮಗಳು ತಾನೇ ಬರೆದ ಒಂದು ಪುಟಕ್ಕೆ ವಾರಕ್ಕೊಮ್ಮೆ ಕೆಂಪು ಗೆರೆಯ ಪಕ್ಕದಲ್ಲಿ ಸರಿಯಾದ ರೂಪವನ್ನೂ ಬರೆದು ಕೊಡಿರಿ, ಗೈಡ್ ನೋಡದೆ ಬರೆದ ಉತ್ತರಕ್ಕೆ ಸದ್ಯಕ್ಕೆ ಅಂಕ ಕಡಿಮೆ ಬಂದರೂ ನಮಗೆ ಬೇಸರವಿಲ್ಲ ಎಂದು ಹೇಳಿರಿ. ತಾಯಿಯ ಬಾಯಿಂದ ಈ ಕೊನೆಯ ಮಾತನ್ನು ಕೇಳಿದರೆ ಯಾವ ಶಿಕ್ಷಕರಿಗೂ ಧೈರ್ಯ ಬರುತ್ತದೆ, ಏಕೆಂದರೆ ಅಂಕ ಕಡಿಮೆಯಾಯಿತೆಂದು ಪಾಲಕರು ಬಂದು ಕೇಳುತ್ತಾರೆಂಬ ಅಂಜಿಕೆಯಿಂದಲೇ ನಮ್ಮಲ್ಲಿ ಎಷ್ಟೋ ಜನ ಸಿದ್ಧ ಉತ್ತರಗಳನ್ನು ಬರೆಸುತ್ತ ಬಂದಿದ್ದೇವೆ. ಒಂಬತ್ತನೆಯ ತರಗತಿಯಲ್ಲಿ ಎಸ್‌ಎಸ್‌ಎಲ್‌ಸಿಯ ಒತ್ತಡ ಇನ್ನೂ ಬಂದಿಲ್ಲ. ತಪ್ಪು ಮಾಡಿ ತಿದ್ದಿಕೊಳ್ಳಲು ಅವಳಿಗೆ ಈ ವರ್ಷವೇ ಸರಿಯಾದ ಕಾಲ. ಶಿಕ್ಷಕರ ಬಳಿಗೆ ಹೋಗುವಾಗ ಆ ಮೆಣಸಿನಕಾಯಿಯ ಪುಟವನ್ನು ಜೊತೆಗೆ ಒಯ್ಯಿರಿ, ತಿದ್ದುವ ಕೆಲಸ ಅದರಿಂದಲೇ ಆರಂಭವಾಗಲಿ.